ಹದಿನಾರಿಗೆ, ಹದಿನಾರಕ್ಕೆ

ನಮ್ಮ ತಾಲೂಕಿನ ರೇಡಿಯೋದಲ್ಲಿ ಬೆಳಗಿನ ಹೊತ್ತು ಮಾತಾಡುವ ಚೈತ್ರ ಎಂಬ ಹೆಣ್ಣುಮಗಳು ಈಚೆಗೆ ಸಿಕ್ಕಾಗ, "ಸರ್, ಹೊಸದಾಗಿ ಮೈಕ್ ಮುಂದೆ ಕೂರೋಕೆ ಬರ್ತಿರೋರಿಗೆ ನಿಮ್ಮ ಅನುಭವ ಬರೆದುಕೊಡಿ" ಎಂದಳು. ಬರೆಯುವುದೇನು, ಬಾಯಲ್ಲೇ ಹೇಳುತ್ತೇನೆ, ರೆಕಾರ್ಡ್ ಮಾಡಿಕೊಳ್ಳಮ್ಮ ಎಂದೆ. ಬೇಡವಂತೆ. ಮಾತಿಗೆ ಕೂತರೆ ನಾನು ನಿಲ್ಲಿಸುವುದಿಲ್ಲವಂತೆ. ಬರೆದರೆ ಕೈಯಾದರೂ ನೋಯುತ್ತದಂತೆ. ಈಗಿನವರು ಮರ್ಯಾದೆ ಕೊಡುವುದು ಹೀಗೆ.

ಆಗಲಿ, ಬರೆಯುತ್ತೇನೆ. ನಾನು ಓದಿದ್ದು ಆರನೇ ಕ್ಲಾಸು, ಅದೂ ಅರ್ಧ. ಆದರೆ ನಂಜನಗೂಡು ತಾಲೂಕಿನಲ್ಲಾಗಲಿ ಟಿ. ನರಸೀಪುರ ತಾಲೂಕಿನಲ್ಲಾಗಲಿ ನನ್ನ ದನಿ ಹೊಗದ ಬೀದಿ ಇಲ್ಲ. ನಾನು ಮೈಕ್ ಮಾದಪ್ಪ. ಗಾಡಿಯ ಮೇಲೆ ಕೊಳವೆ ಸ್ಪೀಕರ್ ಕಟ್ಟಿಕೊಂಡು ಊರೂರು ಸುತ್ತಿ ಸುದ್ದಿ ಸಾರುವುದು ನನ್ನ ಕಸುಬಾಗಿತ್ತು. ಟೆಂಟಿಗೆ ಹೊಸ ಸಿನಿಮಾ ಬಂತು, ಸೊಸೈಟಿಗೆ ರೇಷನ್ ಬಂತು, ದನಕ್ಕೆ ಸೂಜಿ ಹಾಕುವವರು ಬಂದರು, ನಾಳೆ ಕರೆಂಟ್ ಇರುವುದಿಲ್ಲ, ಇಂಥವರು ತೀರಿಕೊಂಡರು, ಇಂಥವರ ಎಮ್ಮೆ ಕಳೆದುಹೋಗಿದೆ. ಮೊದಲು ಸೈಕಲ್, ಆಮೇಲೆ ಜಟಕಾ, ಆಮೇಲೆ ಬಾಗಿಲು ಮುಚ್ಚದ ಒಂದು ಹಳೇ ಕಾರು, ಕಡೆಗೆ ನನ್ನದೇ ಆಟೋ. ಇದರಲ್ಲಿ ಯಾವುದು ಬಡ್ತಿ ಯಾವುದು ಹಿಂಬಡ್ತಿ ಎಂದು ಬರೆಯಲು ಹೋಗುವುದಿಲ್ಲ. ಗಾಡಿ ಬದಲಾಯಿತು, ಬಾಯಿ ಅದೇ ಇತ್ತು.

ಕೆಲಸ ಕಲಿಸಿದವರು ಟಿ. ನರಸೀಪುರದ ಬಸವಣ್ಣನವರು. ಬಸ್ ಸ್ಟ್ಯಾಂಡಿನ ಹಿಂದೆ ಅವರದು ಸೌಂಡ್ ಸರ್ವಿಸ್ ಅಂಗಡಿ. ಮದುವೆಗೂ ಅವರೇ, ಸಾವಿಗೂ ಅವರೇ, ಎಲೆಕ್ಷನ್ನಿಗೆ ಎರಡು ಪಕ್ಷಕ್ಕೂ ಅವರೇ. ಬಾಯಿತುಂಬ ಎಲೆಅಡಿಕೆ, ಅದು ಖಾಲಿಯಾದರೆ ಬಾಯಿತುಂಬ ಬೈಗುಳ. ನಾನು ಮೊದಲನೇ ದಿನ ಮೈಕ್ ಹಿಡಿದು ಗಂಟಲು ಹರಿಯುವ ಹಾಗೆ ಕಿರುಚಿದೆ. ಊರೆಲ್ಲ ನಡುಗಿತು ಅಂದುಕೊಂಡೆ. ಬಸವಣ್ಣನವರು ಗಾಡಿ ನಿಲ್ಲಿಸಿದರು.

"ಲೇ, ಏನ್ ಮಾಡ್ತಿದ್ದೀಯ?"

"ಕೂಗ್ತಾ ಇವ್ನಿ ಯಜಮಾನ್ರೆ."

"ಕೂಗಕ್ಕೆ ಮಿಸನ್ ಐತೆ. ಅದರ ಕೆಲ್ಸ ಅದು. ನೀನು ಯೋಳು. ಕೂಗದ್ ಬೇರೆ, ಯೋಳದ್ ಬೇರೆ."

ಆಮೇಲೆ ಇನ್ನೊಂದು ಮಾತು ಹೇಳಿದರು. "ಗಾಡಿ ಓಡ್ತದೆ, ಮನೆ ಓಡಾಕಿಲ್ಲ." ಇದರ ಅರ್ಥ ನನಗೆ ತಲೆಗೆ ಹತ್ತಲು ಒಂದು ವರ್ಷ ಬೇಕಾಯಿತು. ನೀವು ಗಾಡಿಯಲ್ಲಿ ಹೋಗುತ್ತ ಒಂದು ಉದ್ದ ಮಾತು ಹೇಳಿದರೆ, ನಲ್ಲಿಯ ಹತ್ತಿರ ನಿಂತ ಹೆಂಗಸಿಗೆ ಮೊದಲ ತುಂಡು ಕೇಳುತ್ತದೆ, ಅರಳಿಕಟ್ಟೆಯ ಮೇಲೆ ಕೂತ ಗಂಡಸಿಗೆ ಕೊನೆಯ ತುಂಡು ಕೇಳುತ್ತದೆ. ಪೂರ್ತಿ ಮಾತು ಯಾರಿಗೂ ಕೇಳುವುದಿಲ್ಲ. ಅದಕ್ಕೆ ಪ್ರತಿ ತುಂಡೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಎಂದು, ಎಲ್ಲಿ, ಏನು. ಮತ್ತೆ ಎಂದು, ಎಲ್ಲಿ. ಮೊದಲು "ಇವತ್ತು" ಅನ್ನಬೇಕು, ಇಲ್ಲ "ನಾಳೆ" ಅನ್ನಬೇಕು. ಆಗ ತಲೆ ಎತ್ತುತ್ತಾರೆ. ತಲೆ ಎತ್ತಿದ ಮೇಲೆ ಊರ ಹೆಸರು ಹೇಳಬೇಕು. ಮಿಕ್ಕಿದ್ದನ್ನು ಬೇಕಾದರೆ ಅವರೇ ಗಾಡಿಯ ಹಿಂದೆ ಓಡಿಬಂದು ಕೇಳುತ್ತಾರೆ. ಬಸವಣ್ಣನವರು ಸಾಯುವ ತನಕ ನನ್ನನ್ನು ಒಂದು ಸಲವೂ ಹೊಗಳಲಿಲ್ಲ. ಬೇರೆಯವರ ಹತ್ತಿರ ಹೊಗಳಿದ್ದರಂತೆ. ಅದರಿಂದ ನನಗೇನು ಬಂತು?

ಈಗ ನನ್ನ ಎಡವಟ್ಟಿನ ವಿಷಯಕ್ಕೆ ಬರುತ್ತೇನೆ. ಹೊಸಬರು ಇದನ್ನು ಕೇಳಲೇಬೇಕು.

ನಮ್ಮ ಕಡೆ ಹಳ್ಳಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿ, ಹಾಲು ಆಲು, ಹೆಡತಲೆ ಎಡತಲೆ. ನಾನೂ ಹೆಡತಲೆಯವನೇ, ನನ್ನ ಬಾಯಲ್ಲೂ ಹಾಗೇ. ಮೈಕ್ ಹಿಡಿದು ಒಂದೆರಡು ವರ್ಷವಾದ ಮೇಲೆ ನನಗೆ ಕೋಡು ಮೂಡಿತು. ದಿನಾ ರೇಡಿಯೋದಲ್ಲಿ ವಾರ್ತೆ ಓದುವವರನ್ನು ಕೇಳಿ, ಓದಿದವರ ಹಾಗೆ ಮಾತಾಡಬೇಕು, ಎಲ್ಲಾ ಕಡೆ ಹಕಾರ ಹಾಕಬೇಕು ಎಂದು ತೀರ್ಮಾನ ಮಾಡಿದೆ. ಹಾಕಿದೆ. ಬೇಕಾದ ಕಡೆಯೂ ಹಾಕಿದೆ, ಬೇಡದ ಕಡೆಯೂ ಹಾಕಿದೆ. ಸೊಸೈಟಿಗೆ ಅಕ್ಕಿ ಬಂದಿದೆ ಎಂದು ಸಾರಬೇಕಿತ್ತು. ನಾನು ಊರ ನಡುಬೀದಿಯಲ್ಲಿ ಗಾಡಿ ನಿಲ್ಲಿಸಿ, ಎದೆ ಉಬ್ಬಿಸಿ, "ನಾಳೆ ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯಲ್ಲಿ ಹಕ್ಕಿ ಕೊಡಲಾಗುವುದು. ಕಾರ್ಡಿಗೆ ತಕ್ಕಂತೆ ಹಕ್ಕಿ. ಚೀಲ ತಂದು ಹಕ್ಕಿ ತೆಗೆದುಕೊಂಡು ಹೋಗಿ" ಎಂದೆ.

ಕಟ್ಟೆಯ ಮೇಲಿಂದ ಒಬ್ಬ ಎದ್ದು ನಿಂತ. "ಮಾದಣ್ಣ, ಗಿಳಿನಾ ಗುಬ್ಬಿನಾ?"

ಪಕ್ಕದವನು, "ಚೀಲಕ್ಕೆ ತುಂಬುದ್ರೆ ಉಸ್ರು ಕಟ್ಟಾಕಿಲ್ವಾ?"

ಆಮೇಲೆ ನಾನು ಆ ಊರಿಗೆ ಹೋದಾಗಲೆಲ್ಲ ಮಕ್ಕಳು ಕೈ ರೆಕ್ಕೆ ಮಾಡಿಕೊಂಡು ಗಾಡಿಯ ಹಿಂದೆ ಹಾರುತ್ತಿದ್ದವು. ಬಸವಣ್ಣನವರ ಕಿವಿಗೂ ಬಿತ್ತು. ಅವತ್ತು ಬೈಯಲಿಲ್ಲ. "ಇಲ್ದೇ ಇರದ್ನ ಹಾಕಕ್ ಓಗ್ಬೇಡ ಕಣ್ಲಾ" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು. ಅಷ್ಟೇ.

ತಲಕಾಡಿನದು ಬೇರೆ ತರಹದ ಕಥೆ. ಅಲ್ಲಿ ಜನ ಸೇರುವ ದಿನಗಳಲ್ಲಿ ನಮ್ಮ ಮೈಕಿಗೆ ಒಂದೇ ಕೆಲಸ, ಕಳೆದುಹೋದವರನ್ನು ಕೂಡಿಸುವುದು. ಮರಳಲ್ಲಿ ನಡೆದು ನಡೆದು ಒಬ್ಬರಿಗೊಬ್ಬರು ತಪ್ಪಿಹೋಗುತ್ತಾರೆ. ಒಂದು ಸಲ ಒಬ್ಬ ಅಜ್ಜಿ ಬಂದು ನನ್ನ ಮುಂದೆ ಕೂತಳು. ಗಂಡ ಕಾಣುತ್ತಿಲ್ಲ, ಮೈಕಲ್ಲಿ ಕರಿ ಎಂದಳು.

"ಯಜಮಾನ್ರ ಹೆಸರೇನವ್ವ?"

ತಲೆ ತಗ್ಗಿಸಿ ಮರಳು ಕೆದಕಿದಳು.

"ಹೆಸರು ಹೇಳಿದ್ರೆ ತಾನೇ ನಾನು ಕರೆಯಾದು?"

"ಅವ್ರ ಎಸ್ರ ನಾನೆಂಗಪ್ಪ ಯೋಳ್ಲಿ?"

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂಬ ಕಾಲದ ಹೆಂಗಸು. ಊರಿನ ಹೆಸರು ಹೇಳು ಎಂದರೆ, ಆ ಊರಿನ ದೇವರ ಹೆಸರೇ ಗಂಡನ ಹೆಸರಂತೆ, ಅದೂ ಆಗುವುದಿಲ್ಲವಂತೆ. ಹೇಗಿದ್ದಾರೆ ಎಂದರೆ "ಅಂಗೇ, ಗಂಡುಸ್ರಂಗೆ" ಎಂದಳು. ಬಿಳೀ ಪಂಚೆ, ಹೆಗಲ ಮೇಲೆ ಟವೆಲ್. ಅಲ್ಲಿದ್ದ ಗಂಡಸರೆಲ್ಲ ಬಿಳೀ ಪಂಚೆ, ಹೆಗಲ ಮೇಲೆ ಟವೆಲ್. ನನಗೆ ತಲೆ ಕೆಟ್ಟುಹೋಯಿತು. ಮೈಕನ್ನು ಅವಳ ಬಾಯಿಗೇ ಹಿಡಿದೆ. "ನೀನೇ ಕರಕ್ಕೊ ತಾಯಿ."

ಅಜ್ಜಿ ಸೆರಗು ಸರಿಮಾಡಿಕೊಂಡಳು. ಮನೆಯಲ್ಲಿ ಹೇಗೆ ಕರೆಯುತ್ತಾಳೋ ಹಾಗೇ, "ಇವ್ರೇ... ಏ ಇವ್ರೇ... ಇಲ್ಲಿವ್ನಿ ಬನ್ನಿ!" ಎಂದಳು.

ಆ ಮಾತು ಮರಳಗುಡ್ಡೆಗಳ ಮೇಲೆಲ್ಲ ಹೋಯಿತು. ಅಲ್ಲಿದ್ದ ಗಂಡಂದಿರಲ್ಲಿ ಎಷ್ಟೋ ಜನ ತಿರುಗಿ ನೋಡಿದರು. ಎಲ್ಲರೂ ಯಾರಿಗೋ "ಇವ್ರೇ" ಆದವರೇ. ಆದರೆ ನಡೆದು ಬಂದವನು ಒಬ್ಬನೇ ಮುದುಕ. ಬಂದವನೇ, "ಊರ್ ಮುಂದೆ ಇಂಗಾ ಅರ್ಚದು?" ಎಂದು ಗದರಿದ. ಅವಳು, "ಸಿಕ್ಕುದ್ರಲ್ಲ, ನಡೀರಿ" ಎಂದಳು. ಒಬ್ಬರೂ ನನಗೆ ಒಂದು ಮಾತು ಹೇಳದೆ ಹೋದರು. ಹೆಸರು ವಿಳಾಸ ಎಲ್ಲ ಆಮೇಲೆ, ಮನುಷ್ಯನಿಗೆ ಮನುಷ್ಯನ ದನಿಯೇ ವಿಳಾಸ ಎಂದು ನನಗೆ ಗೊತ್ತಾದದ್ದು ಅವತ್ತು.

ಹಾಗಿದ್ದ ಕೆಲಸ ಹೇಗೆ ಹಾಳಾಯಿತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲು ಕ್ಯಾಸೆಟ್ ಬಂತು. ಆಮೇಲೆ ಉಗುರಿನಷ್ಟು ದೊಡ್ಡ ಪೆನ್ ಡ್ರೈವ್ ಬಂತು. ಮೈಸೂರಿನಲ್ಲಿ ಯಾರೋ ಗಾಜಿನ ಕೋಣೆಯಲ್ಲಿ ಕೂತು ಮಾತಾಡಿ ಕಳಿಸುತ್ತಾನೆ, ನಾವು ಅದನ್ನು ಚುಚ್ಚಿಕೊಂಡು ಗಾಡಿ ಓಡಿಸಬೇಕು. ಅವನು ನಮ್ಮ ಊರು ನೋಡಿದವನಲ್ಲ. ಹಿಂದೆ ಸಂಗೀತ ಬೇರೆ. ಒಂದು ದಿನ ಒಬ್ಬ ದೊಡ್ಡ ಮನುಷ್ಯರ ಸಾವಿನ ಸುದ್ದಿ ಹಾಕಿಕೊಂಡು ಹೋಗುತ್ತಿದ್ದೆ. "ಬಂಧುಮಿತ್ರರು ಅಂತಿಮ ದರ್ಶನಕ್ಕೆ..." ಎಂಬಲ್ಲಿಗೆ ಅದು ಮುಗಿದು, ತಾನಾಗಿಯೇ ಮುಂದಿನದಕ್ಕೆ ಹಾರಿ, "ಬನ್ನಿ ಬನ್ನಿ, ಒಂದು ಸೀರೆ ಕೊಂಡರೆ ಒಂದು ಸೀರೆ ಉಚಿತ!" ಎಂದು ಬಡಿದುಕೊಳ್ಳತೊಡಗಿತು. ಅದು ಸಾವಿನ ಮನೆಯ ಎದುರಿಗೇ. ನಾನು ಬಟನ್ ಹುಡುಕುವಷ್ಟರಲ್ಲಿ ಸತ್ತವರ ಮಗ ಬಂದು ಆಟೋದ ತಂತಿ ಕಿತ್ತು ಕೈಗೆ ಕೊಟ್ಟ. ಬಸವಣ್ಣನವರ ಕಾಲವಾಗಿದ್ದರೆ ಬಾಯಿ ತಡವರಿಸುತ್ತಿತ್ತೇ ಹೊರತು ಇಂಥದ್ದು ಆಗುತ್ತಿರಲಿಲ್ಲ. ನನ್ನ ಗಾಡಿಯಲ್ಲಿ ನನ್ನ ಬಾಯಿಗೇ ಕೆಲಸವಿಲ್ಲ ಅಂದಮೇಲೆ ಇನ್ನೇನು? ಸ್ಪೀಕರ್ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಆಟೋ ಮಾರಿದೆ. ನಂಜನಗೂಡಿನ ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತೆ.

ಈ ಊರಿನ ರೇಡಿಯೋ ನನಗೆ ಇಷ್ಟ. ಇದನ್ನು ಮೊದಲೇ ಹೇಳಿದರೆ ಆ ಹುಡುಗಿ ಹಿಗ್ಗಿಹೋಗುತ್ತಾಳೆ ಎಂದು ಇಲ್ಲಿಯವರೆಗೆ ಬರೆದಿರಲಿಲ್ಲ. ಟಿವಿಯಲ್ಲಿ ಎಲ್ಲಿಯದೋ ಗಲಾಟೆ. ಇದರಲ್ಲಿ ನಮ್ಮದೇ ಗಲಾಟೆ. ಕಪಿಲೆಯಲ್ಲಿ ನೀರು ಎಷ್ಟು ಬಂತು, ಸಂತೆಯಲ್ಲಿ ಟೊಮೇಟೊ ಏನಾಯಿತು, ಯಾವ ಊರಿನ ಸಂಘದ ಹೆಂಗಸರು ಹಪ್ಪಳ ಮಾಡಿದರು. ಸೊಂಟ ನೋವಿಗೆ ಡಾಕ್ಟರು, ಹಸುವಿನ ಕೆಚ್ಚಲುಬಾವಿಗೆ ಇನ್ನೊಬ್ಬ ಡಾಕ್ಟರು. ನಾನು ಬೆಳಿಗ್ಗೆ ಎದ್ದು ಹಚ್ಚಿದರೆ ಆರಿಸುವುದು ಮಲಗುವಾಗ. ಆದರೆ ಕೇಳುವುದು ಬೈದುಕೊಂಡೇ.

ಏನು ಬೈಗುಳ ಅಂದರೆ, ಒಂದು, ಹಾಡನ್ನು ಪೂರ್ತಿ ಹಾಕುವುದಿಲ್ಲ. ಚರಣ ಶುರುವಾಗುವ ಹೊತ್ತಿಗೆ ಮೇಲೆ ಬಿದ್ದು ಮಾತು. ಇನ್ನೊಂದು, ಫೋನ್ ಮಾಡಿದವರನ್ನೆಲ್ಲ "ತಿಂಡಿ ಆಯ್ತಾ? ಏನ್ ತಿಂಡಿ?" ಎಂದು ಕೇಳುವುದು. ಊರಿನವರೆಲ್ಲ ಬೆಳಿಗ್ಗೆ ಏನು ತಿಂದರು ಎಂದು ನನಗೆ ಗೊತ್ತು, ಹಾಳಾದ್ದು, ನನಗೆ ಅದರಿಂದ ಏನಾಗಬೇಕು? ಆ ಕಡೆಯವರು "ನಿಮ್ ವಾಯ್ಸು ಸೂಪರ್ ಮೇಡಂ" ಎನ್ನುವುದು, ಇವಳು "ಥ್ಯಾಂಕ್ಯೂ ಥ್ಯಾಂಕ್ಯೂ" ಎನ್ನುವುದು. ಎಲ್ಲಕ್ಕಿಂತ ಹೆಚ್ಚಾಗಿ, ಸುದ್ದಿ ಹೇಳುವುದಿಲ್ಲ, ಓದುತ್ತಾರೆ. ಬರೆದದ್ದು ಹೇಗಿದೆಯೋ ಹಾಗೆ. ಎಂದು ಎನ್ನುವುದು ಕೊನೆಯಲ್ಲಿ, ಎಲ್ಲಿ ಎನ್ನುವುದು ಅದಕ್ಕೂ ಕೊನೆಯಲ್ಲಿ.

ನಾನು ಫೋನ್ ಮಾಡಿ ಹೇಳುತ್ತಿದ್ದೆ. ಬಹಳ ಸಲ ಹೇಳಿದ್ದೇನೆ. ಅಲ್ಲಿ ನನಗೆ "ಕಂಪ್ಲೇಂಟ್ ತಾತ" ಎಂದು ಹೆಸರಿಟ್ಟಿದ್ದಾರೆಂದು ಆಮೇಲೆ ಗೊತ್ತಾಯಿತು. ಇಟ್ಟುಕೊಳ್ಳಲಿ.

ನನಗಿಂತ ಹೆಚ್ಚು ರೇಡಿಯೋ ಕೇಳುವವಳು ನನ್ನ ಅಕ್ಕ ಪುಟ್ಟತಾಯಮ್ಮ. ಹೆಡತಲೆಯಲ್ಲಿ ಮಗ ಮಹದೇವನ ಜೊತೆ ಇದ್ದಾಳೆ. ಮಗ ಫ್ಯಾಕ್ಟರಿ ಕೆಲಸಕ್ಕೆ ಹೋದರೆ ಇವಳಿಗೆ ರೇಡಿಯೋವೇ ಜೊತೆ, ಏಕೆಂದರೆ ಕಣ್ಣು ಹೋಗಿತ್ತು. ಒಂದು ಕಣ್ಣು ಇವತ್ತು ನಾಳೆ ಎಂದು ತಡಮಾಡಿ ಪೂರ್ತಿ ಕಳೆದುಕೊಂಡಿದ್ದಳು. ಇನ್ನೊಂದಕ್ಕೆ ಪೊರೆ ಮುಚ್ಚಿ ನಾಲ್ಕೈದು ವರ್ಷದಿಂದ ಬರೀ ಮಬ್ಬು. ಡಾಕ್ಟರು, ಇದನ್ನೂ ಹಾಗೇ ಬಿಟ್ಟರೆ ನಮ್ಮ ಕೈಲಿ ಆಗುವುದಿಲ್ಲ ಎಂದಿದ್ದರು. ಆಸ್ಪತ್ರೆಗೆ ನಡಿ ಎಂದರೆ ಒಪ್ಪಳು. "ಒಬ್ಳೇ ಓಗಿ ಕಣ್ಣು ಕುಯ್ಸ್ಕಳ್ಳಾಕಿಲ್ಲ. ಕ್ಯಾಂಪು ಬರ್ಲಿ. ನಾಕು ಜನದ ಕಣ್ಣು ಕುಯ್ದ್ರೆ ಅವರ ಜತೆ ನಂದೂ ಕುಯ್ಲಿ." ಗುಂಪಿನಲ್ಲಾದರೆ ಕತ್ತಿಗೂ ಕತ್ತು ಕೊಡುತ್ತಾಳೆ, ಒಬ್ಬಳೇ ಆದರೆ ಸೂಜಿಗೂ ತೋಳು ಕೊಡಳು. ಅದಕ್ಕೇ ನಾನು ಕ್ಯಾಂಪಿನ ಸುದ್ದಿಗೆ ಕಿವಿ ನೆಟ್ಟುಕೊಂಡು ಕೂತಿದ್ದೆ.

ಒಂದು ಬೆಳಿಗ್ಗೆ ಚೈತ್ರ ಓದಿದಳು. "ಉಚಿತ ಕಣ್ಣಿನ ತಪಾಸಣಾ ಶಿಬಿರ. ಪೊರೆ ಇರುವವರನ್ನು ಅದೇ ದಿನ ಸಂಜೆ ಶಸ್ತ್ರಚಿಕಿತ್ಸೆಗೆ ಕರೆದುಕೊಂಡು ಹೋಗಲಾಗುವುದು. ಹಿರಿಯ ನಾಗರಿಕರು ಸೋಮವಾರ ಹದಿನಾರಕ್ಕೆ ಸರ್ಕಾರಿ ಶಾಲೆಯ ಆವರಣಕ್ಕೆ ಬನ್ನಿ."

ಗೋಡೆಯ ಕ್ಯಾಲೆಂಡರ್ ನೋಡಿದೆ. ಹದಿನಾರನೇ ತಾರೀಕು ಸೋಮವಾರವೇ. ಶಾಲೆ ಅಂದರೆ ನಂಜನಗೂಡಿನ ನಮ್ಮ ಶಾಲೆಯೇ ಇರಬೇಕು ಅಂದುಕೊಂಡೆ. ಆ ಸಂಜೆ ಮಹದೇವನ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. "ಹದಿನಾರನೇ ತಾರೀಕು ಕಣಕ್ಕ, ಹಿಂದಿನ ದಿನವೇ ನಮ್ಮನೆಗೆ ಬಂದ್ಬುಡು." ಅವಳೂ ಊರಿನಲ್ಲಿ ನಾಲ್ಕು ಜನ ಮುದುಕಿಯರಿಗೆ ಹೇಳಿ ಗುಂಪು ಕಟ್ಟಿಕೊಂಡಳು.

ಹದಿನಾರಕ್ಕೆ ಇನ್ನೂ ಒಂದು ವಾರವಿತ್ತು. ಒಂಬತ್ತನೇ ತಾರೀಕು ಸೋಮವಾರ ಬೆಳಿಗ್ಗೆ ಹಾಲು ತರಲು ಹೋದವನು ಟೀ ಅಂಗಡಿಯ ಮುಂದೆ ನಿಂತಿದ್ದೆ. ಒಂದು ವ್ಯಾನ್ ಬಂದು ನಿಂತಿತು. ಅದರ ಮೇಲೆ ಕಣ್ಣಿನ ಚಿತ್ರ. ಡ್ರೈವರ್ ತಲೆ ಹೊರಗೆ ಹಾಕಿ ನನ್ನನ್ನೇ ಕೇಳಿದ.

"ಸಾ, ಹದಿನಾರಿಗೆ ಯಾವ್ ಕಡೆ ಹೋಗ್ಬೇಕು?"

ನಾನು ರಸ್ತೆ ತೋರಿಸಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಹದಿನಾರು ಎಂಬುದು ಒಂದು ಊರು. ನಮ್ಮ ತಾಲೂಕಿನದೇ, ಹೊಲ ಗದ್ದೆ ಮಾಡಿಕೊಂಡಿರುವ ಊರು. ಅಲ್ಲಿಯ ಶಾಲೆ ಮುಂದೆ ನಾನೇ ಎಷ್ಟು ಸಲ ಗಾಡಿ ನಿಲ್ಲಿಸಿ ಸಾರಿದ್ದೇನೆ! ಆ ಊರಿಗೆ ಹೋಗುವವರು ಯಾರೂ "ಹದಿನಾರಕ್ಕೆ" ಹೋಗುವುದಿಲ್ಲ, "ಹದಿನಾರಿಗೆ" ಹೋಗುತ್ತಾರೆ. ಮೈಸೂರಿಗೆ ಹೋದ ಹಾಗೆ. "ಹದಿನಾರಕ್ಕೆ" ಅನ್ನುವುದು ತಾರೀಕಿಗೆ, ಹದಿನಾರಕ್ಕೆ ಬಡ್ಡಿ ಕಟ್ಟಬೇಕು, ಹದಿನಾರಕ್ಕೆ ಬಸ್ ಪಾಸು ಮುಗಿಯುತ್ತದೆ ಎಂದ ಹಾಗೆ. ಯಾರೋ "ಸೋಮವಾರ, ಹದಿನಾರು, ಸರ್ಕಾರಿ ಶಾಲೆ" ಎಂದು ಬರೆದು ಕಳಿಸಿದ್ದಾರೆ. ಇವಳು ಅದನ್ನು ಲೆಕ್ಕದ ಹದಿನಾರು ಮಾಡಿ "ಹದಿನಾರಕ್ಕೆ" ಎಂದು ಓದಿದ್ದಾಳೆ. ಒಂದೆರಡು ಅಕ್ಷರ ತಪ್ಪಿ ಊರು ತಾರೀಕಾಯಿತು. ಇನ್ನೂ ಉರಿಯುವ ಸಂಗತಿಯೆಂದರೆ, ಹುಟ್ಟಿದ್ದು ಈ ತಾಲೂಕಿನಲ್ಲಿ, ಬದುಕಿದ್ದು ಊರ ಹೆಸರು ಸಾರಿಕೊಂಡು, ಆ ನಾನೂ ಕ್ಯಾಲೆಂಡರ್ ನೋಡಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ.

"ಎಷ್ಟೊತ್ತಿನ ತಂಕ ಇರ್ತೀರಪ್ಪ?" ಎಂದೆ ಡ್ರೈವರನ್ನು.

"ಮಧ್ಯಾಹ್ನದವರೆಗೂ ಹೆಸರು ಬರ್ಕೋತಾರೆ ಸಾ. ಮತ್ತೆ ಈ ಕಡೆಗೆ ಬರೋದು ಮುಂದಿನ ವರ್ಷವೇ."

ಅಕ್ಕನಿಗೆ ಫೋನ್ ಮಾಡಿದೆ. ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಮಗ ಕೊಡಿಸಿದ ಮೊಬೈಲನ್ನು ಅವಳು ಇಲಿ ಕಡಿಯುತ್ತದೆಂದು ರಾಗಿ ಡಬ್ಬದಲ್ಲಿ ಇಟ್ಟು ಮುಚ್ಚುತ್ತಾಳೆ. ಮಹದೇವನಿಗೆ ಮಾಡಿದೆ. ಫ್ಯಾಕ್ಟರಿ ಒಳಗೆ ಹೋದರೆ ಅವನ ಫೋನ್ ಗೇಟಿನಲ್ಲೇ. ಅಕ್ಕನ ಪಕ್ಕದ ಮನೆ ಸಿದ್ದರಾಜು ಆಟೋ ಓಡಿಸುತ್ತಾನೆ, ಅವನ ನಂಬರ್ ನನ್ನ ಹತ್ತಿರ ಇಲ್ಲ. ಹೆಡತಲೆ ಬಸ್ಸು ಆಗಲೇ ಹೋಗಿತ್ತು. ಮುಂದಿನದಕ್ಕೆ ಕಾದು, ಅಲ್ಲಿಗೆ ಹೋಗಿ, ಅವಳನ್ನು ಎಬ್ಬಿಸಿ ಹೊರಡಿಸಿ, ಮತ್ತೆ ಹದಿನಾರಿಗೆ ಬರುವ ಹೊತ್ತಿಗೆ ಕಣ್ಣಿನ ವ್ಯಾನಿನ ಧೂಳು ಕೂಡ ಉಳಿದಿರುವುದಿಲ್ಲ.

ಟೀ ಅಂಗಡಿಯೊಳಗೆ ರೇಡಿಯೋ ಹಾಡುತ್ತಿತ್ತು. ಚೈತ್ರಳದೇ, ಕೇಳುಗರು ಕೇಳಿದ ಹಾಡಿನ ಕಾರ್ಯಕ್ರಮ. ಅಕ್ಕ ಅದನ್ನು ಒಂದು ದಿನವೂ ಬಿಟ್ಟವಳಲ್ಲ. ಆ ನಂಬರ್ ನನಗೆ ಬಾಯಿಪಾಠ. ಒತ್ತಿದೆ. ಬ್ಯುಸಿ. ಒತ್ತಿದೆ, ಬ್ಯುಸಿ. ರೇಡಿಯೋದಲ್ಲಿ ಯಾವನೋ, "ಚಿತ್ರಾನ್ನ ಮೇಡಂ" ಎನ್ನುತ್ತಿದ್ದ. ಇವಳು, "ವಾವ್, ನಿಂಬೆಹಣ್ಣಿಂದಾ ಮಾವಿನಕಾಯಿದಾ?" ಎನ್ನುತ್ತಿದ್ದಳು. ಅವನ ಚಿತ್ರಾನ್ನ ಮುಗಿಯುವ ತನಕ ನಾನು ಪಟ್ಟ ಸಂಕಟ ಆ ಚಾಮುಂಡಿಗೇ ಗೊತ್ತು. ಮತ್ತೆ ಒತ್ತಿದೆ. ಸಿಕ್ಕಿತು.

"ಹಲೋ ನಮಸ್ಕಾರ, ಯಾರ್ ಮಾತಾಡ್ತಿರೋದು?"

"ನಂಜನಗೂಡಿಂದ ಮಾದಪ್ಪ."

"ಓ ಮಾದಪ್ಪ ಸರ್! ಇವತ್ತು ಏನು ಕಂಪ್ಲೇಂಟು?" ನಕ್ಕಳು. "ತಿಂಡಿ ಆಯ್ತಾ ಸರ್?"

"ಆಗಿಲ್ಲ. ಆಗದೂ ಬ್ಯಾಡ. ಅವ್ವಾ, ದೇವರಾಣೆ ಒಂದ್ ನಿಮಿಷ ಬಾಯಿ ಮುಚ್ಕೊ, ಹಾಡು ಹಾಕ್ಬೇಡ, ಲೈನ್ ಕಟ್ ಮಾಡ್ಬೇಡ."

ಅವಳು ಸುಮ್ಮನಾದಳು. ಆ ಸುಮ್ಮನಿದ್ದದ್ದಕ್ಕೆ ನಾನು ಅವಳ ಮಿಕ್ಕ ಎಲ್ಲ ತಪ್ಪನ್ನೂ ಮಾಫಿ ಮಾಡಿದ್ದೇನೆ.

ನಾನು ಕಣ್ಣು ಮುಚ್ಚಿಕೊಂಡೆ. ಗಾಡಿಯ ಮೇಲೆ ಕೂತ ಹಾಗೆ ಮಾಡಿಕೊಂಡೆ. "ಇವತ್ತು. ಇವತ್ತೇ. ಹದಿನಾರು ಊರಲ್ಲಿ. ತಾರೀಕಲ್ಲ, ಊರು. ಕಣ್ಣಿನ ಕ್ಯಾಂಪು. ಇವತ್ತು ಸೋಮವಾರ, ಈಗಲೇ, ಮಧ್ಯಾಹ್ನದ ಒಳಗೆ, ಹದಿನಾರು ಊರಿನ ಶಾಲೆಗೆ. ಮುಂದಿನ ಸೋಮವಾರ ಅಲ್ಲ. ಇವತ್ತು. ಹದಿನಾರಿಗೆ."

ಉಸಿರು ತೆಗೆದುಕೊಂಡೆ. ಬಸವಣ್ಣನವರು ಹೇಳಿದ್ದು ಎಲ್ಲ ಮುಗಿದಿತ್ತು. ಆಮೇಲೆ ಅವರು ಹೇಳದೆ ಇದ್ದದ್ದು ಶುರುವಾಯಿತು.

"ಹೆಡತಲೆ ಪುಟ್ಟತಾಯಕ್ಕ, ನಾನು ಕಣೆ, ಮಾದ. ಎದ್ದೇಳು. ತಾರೀಕು ಅಂತ ಯೋಳಿದ್ದು ತಪ್ಪು. ಸೀರೆಗೀರೆ ಬದ್ಲಾಯಿಸ್ತಾ ಕೂರ್ಬೇಡ, ಉಟ್ಟಿರದ್ರಲ್ಲೇ ಬಾ. ಲೇ ಸಿದ್ದರಾಜು, ಎಲ್ಲಿದ್ದೀಯೋ, ಆಟೋ ತಿರುಗ್ಸು, ನಮ್ಮಕ್ಕನ್ನ ಆಕ್ಕಂಡು ಹದಿನಾರಿಗೆ ಬಾ. ಜತೆಲಿರೋ ಮುದುಕೀರ್ನೂ ಆಕ್ಕೊ."

ಟೀ ಅಂಗಡಿಯ ರೇಡಿಯೋದಿಂದ ಚೈತ್ರಳ ದನಿ ಬಂತು. ನಗು ಇರಲಿಲ್ಲ, ವಾವ್ ಇರಲಿಲ್ಲ. "ಕೇಳಿ. ಇವತ್ತು. ಹದಿನಾರಿಗೆ. ಹದಿನಾರು ಗ್ರಾಮದ ಶಾಲೆಗೆ, ಇವತ್ತೇ" ಎಂದಳು. ಮತ್ತೊಮ್ಮೆ ಹೇಳಿದಳು. ಓದಲಿಲ್ಲ, ಹೇಳಿದಳು. ಪ್ರತಿ ಹಾಡಿನ ಮಧ್ಯೆಯೂ ಹೇಳುತ್ತಾ ಹೋದಳು. ಹಾಡನ್ನು ಮಧ್ಯೆ ಕತ್ತರಿಸಿದ್ದಕ್ಕೆ ನಾನು ಬೈಯದ ದಿನ ಅದೊಂದೇ.

ಗಾಡಿಯಲ್ಲಿ ಕೂತು ಸಾರುವಾಗ ಒಂದು ಅನುಕೂಲ ಇತ್ತು. ಮುಖ ಕಾಣುತ್ತಿತ್ತು. ಕೇಳಿಸಿತೋ ಇಲ್ಲವೋ ಅಲ್ಲೇ ತಿಳಿಯುತ್ತಿತ್ತು. ರೇಡಿಯೋದಲ್ಲಿ ಹೇಳಿದ್ದು ಎಲ್ಲಿಗೆ ಹೋಯಿತು ಎಂದು ದೇವರೇ ಬಲ್ಲ. ಆ ಹೊತ್ತಿಗೆ ಕರೆಂಟ್ ಹೋಗಿದ್ದರೆ? ಅಕ್ಕ ಹಿತ್ತಲಲ್ಲಿ ಇದ್ದಿದ್ದರೆ? ಹಾಲಿನ ಚೊಂಬನ್ನು ಟೀ ಅಂಗಡಿಯಲ್ಲೇ ಬಿಟ್ಟು ಹದಿನಾರಿನ ಬಸ್ಸು ಹತ್ತಿದೆ.

ಶಾಲೆಯ ಅಂಗಳದಲ್ಲಿ ಜನ ಇದ್ದರು. ಸಾಲಿನಲ್ಲಿ ಮುಖ ನೋಡುತ್ತ ಮೊದಲಿಂದ ಕೊನೆಯವರೆಗೆ ಹೋದೆ. ಅಕ್ಕ ಇರಲಿಲ್ಲ. ಬೇವಿನಮರದ ಕೆಳಗೆ ಕೂತೆ. ಆಗ ಜಗುಲಿಯ ಕಡೆಯಿಂದ ಕೇಳಿಸಿತು.

"ಬಂದ್ನಾ ಆ ಮೈಕು? ಎಲ್ಲವ್ನೆ ಅವ್ನು?"

ಕಂಬಕ್ಕೆ ಒರಗಿಕೊಂಡು ಕೂತಿದ್ದಳು. ಅರಿಶಿನದ ಕಲೆ ಬಿದ್ದ ಮನೆಸೀರೆ. ಸುತ್ತ ಅವಳ ಗುಂಪಿನ ಮುದುಕಿಯರು. ಸಿದ್ದರಾಜು ಹಲ್ಲು ಬಿಡುತ್ತ ಪಕ್ಕದಲ್ಲಿ ನಿಂತಿದ್ದ.

"ಬಂದ್ಯೇನಕ್ಕ?" ಎಂದೆ.

"ಬರ್ದೆ ಏನ್ ಮಾಡ್ಲಿ? ಮಾನ ತಗ್ದುಬುಟ್ಟಲ್ಲೋ! ಸೀರೆ ಬದ್ಲಾಯಿಸ್ಬೇಡ ಅಂತ ರೇಡಿಯಾದಲ್ಲಿ ಯೋಳ್ತಾರೇನ್ಲಾ? ಬಂದೋರೆಲ್ಲಾ ನೀನೇನಾ ಸೀರೆ ಪುಟ್ಟತಾಯಮ್ಮ ಅಂತಾವ್ರೆ!"

"ಅಜ್ಜಿ ಅಂಗೂ ಬದ್ಲಾಯಿಸ್ಕಬತ್ತೀನಿ ಅಂದ್ಲು ಕಣಣ್ಣ," ಸಿದ್ದರಾಜು ಹೇಳಿದ, "ನಾನೇ ಎತ್ತಿ ಆಟೋಗಾಕ್ದೆ."

ಡಾಕ್ಟರು ನೋಡಿ, ಇನ್ನೂ ಕಾಲ ಮೀರಿಲ್ಲ ಎಂದರು. ಸಂಜೆಯ ವ್ಯಾನಿನಲ್ಲಿ ಗುಂಪಿನೊಡನೆ ಹೋದಳು.

ಎಲ್ಲರಿಗೂ ಕೇಳಿಸಲಿಲ್ಲ, ಅದನ್ನೂ ಬರೆಯಬೇಕು. ಮುಂದಿನ ಸೋಮವಾರ, ಹದಿನಾರನೇ ತಾರೀಕು, ನಂಜನಗೂಡಿನ ಶಾಲೆಯ ಗೇಟಿನ ಮುಂದೆ ಕೆಲವರು ಮುದುಕರು ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದರು. ಬರುತ್ತಾರೆಂದು ನನಗೆ ಗೊತ್ತಿತ್ತು, ಹೋಗಿ ನಿಂತಿದ್ದೆ. ಒಬ್ಬೊಬ್ಬರಿಗೂ ವಿಷಯ ಹೇಳಿ ವಾಪಸು ಕಳಿಸಿದೆ. ಅಷ್ಟು ವರ್ಷ ಮೈಕ್ ಹಿಡಿದರೂ ಅಷ್ಟು ಕಷ್ಟದ ಸುದ್ದಿ ಸಾರಿದವನಲ್ಲ. ಮೈಕ್ ಮುಂದೆ ಕೂರುವವರು ಆ ಗೇಟನ್ನು ನೆನಪಿಟ್ಟುಕೊಳ್ಳಬೇಕು.

ಚೈತ್ರಳೂ ಅಲ್ಲಿಗೆ ಬಂದಿದ್ದಳು. ನಾನು ಕರೆದಿರಲಿಲ್ಲ. ಎಲ್ಲರೂ ಹೋದ ಮೇಲೆ ನಾನು ರೇಗಿದೆ. "ಹದಿನಾರು ಅನ್ನೋದು ಊರು ಅಂತ ಗೊತ್ತಾಗ್ಲಿಲ್ವೇನಮ್ಮ?"

"ನಾನು ಈ ಕಡೆಯವಳಲ್ಲ ಸರ್. ಗೊತ್ತಿರಲಿಲ್ಲ, ತಪ್ಪು ನಂದೇ." ನನ್ನ ಕಡೆ ತಿರುಗಿ, "ಆದ್ರೆ ಸರ್, ಅದನ್ನ ಎರಡು ದಿನ ಓದಿದ್ದೆ. ಹಾಡಿಗೆ ಕತ್ತರಿ ಹಾಕಿದ್ರೆ ಫೋನ್ ಮಾಡ್ತೀರಲ್ಲ, ಇದಕ್ಕೆ ಯಾಕೆ ಮಾಡಲಿಲ್ಲ?" ಎಂದಳು.

"ತಿಂಡಿ ಆಯ್ತಾ ನಿಂದು?" ಎಂದೆ. ಆಗಿರಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋದೆ. ಅ ಹ ಎರಡನ್ನೂ ಸರಿಯಾಗಿ ಹೇಳುವ ಹುಡುಗಿ ಅವಳು, ಊರು ಮಾತ್ರ ಗೊತ್ತಿಲ್ಲ. ಊರುಗಳ ಹೆಸರನ್ನು ಊರಿನವರು ಹೇಗೆ ಹೇಳುತ್ತಾರೆ ಎಂದು ಒಂದೊಂದಾಗಿ ಹೇಳಿಕೊಟ್ಟೆ. ಆವತ್ತೇ ಅವಳು ಈ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದು.

ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿ, ಕರೀ ಕನ್ನಡಕವನ್ನೂ ತೆಗೆಯಬಹುದು ಎಂದ ಮೇಲೆ ನಾನು ಹೆಡತಲೆಗೆ ಹೋದೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಲ್ಲನ್ನು ತಾನೇ ನೋಡಿ ತೆಗೆದು ಬಿಸಾಡುತ್ತಿದ್ದಳು. ಒಳಗೆ ರೇಡಿಯೋ ಹಾಡುತ್ತಿತ್ತು. ನಾನು ಎದುರಿಗೆ ಹೋಗಿ ನಿಂತೆ. ತಲೆ ಎತ್ತಿ ಮೇಲಿಂದ ಕೆಳಗೆ ನೋಡಿದಳು.

"ಯಾರಪ್ಪ ನೀನು?"

ನಾನು ಚಪ್ಪಲಿ ಬಿಡುತ್ತಿದ್ದೆ.

"ಯಾರು ಬೇಕಿತ್ತು? ಮಾದೇವ ಇಲ್ಲ, ಕೆಲ್ಸಕ್ಕೋಗವ್ನೆ."

"ನಾನು ಕಣಕ್ಕ, ಮಾದ."

ಮೊರವನ್ನು ಪಕ್ಕಕ್ಕಿಟ್ಟಳು. ಅವಳ ಕಣ್ಣು ಮಬ್ಬಾದ ಮೇಲೆ ಬೋಳಾದ ನನ್ನ ತಲೆ, ಬಾಗಿದ ಬೆನ್ನು, ಹಲ್ಲುದುರಿದ ದವಡೆ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ರೇಡಿಯಾದಲ್ಲಿ ಎಳೇ ಉಡ್ಗನಂಗೆ ಕೇಳ್ತಿದ್ದೆ. ಎಲ್ಲಿ, ಇನ್ನೊಂದ್ಕಿತ ಮಾತಾಡು."

"ಇವತ್ತು," ಎಂದೆ. "ಇವತ್ತೇ. ಹದಿನಾರಿಗೆ."

ಅಕ್ಕ ಹೊಸ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಮುಖ ಅರಳಿತು.

"ಊಂ, ನೀನೇ ಕಣ," ಎಂದಳು. "ಒಳಕ್ ಬಾ."